ಈರುಳ್ಳಿಯ ಎರಡನೇ ಭಾಗ

೧೨ ಫೆಬ್ರವರಿ

ಮಾನ್ಯರೇ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ನಿಮ್ಮ ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್ ಆಗಿದ್ದವನ ತಂಗಿ ನಾನು. ಅಣ್ಣ ತೀರಿಕೊಂಡಾಗ ನೀವು ಬರೆದ ಕಾಗದದ ಹಿಂದೆ ಈ ವಿಳಾಸವಿತ್ತು. ಆಗ ಉತ್ತರ ಬರೆಯಲಿಲ್ಲ. ಹಡಗಿನ ಖಾಲಿ ತೊಟ್ಟಿಯೊಂದನ್ನು ನೋಡಲು ಇಳಿದ, ಒಳಗೆ ಉಸಿರಾಡುವ ಗಾಳಿ ಇರಲಿಲ್ಲ ಎಂದು ಕಂಪನಿಯವರು ತಿಳಿಸಿದ್ದರು. ಆ ಒಂದು ವಾಕ್ಯದ ಆಚೆಗೆ ಏನನ್ನಾದರೂ ಕೇಳುವ ಶಕ್ತಿ ಆಗ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಈಗ ಬರೆಯುತ್ತಿರುವುದು ಸಾವಿನ ವಿಷಯಕ್ಕಲ್ಲ, ಒಂದು ಮಟ್ಟಿನ ವಿಷಯಕ್ಕೆ. ಅಣ್ಣನ ಪೆಟ್ಟಿಗೆಯ ಜೊತೆ ಅವನ ಮೌತ್ ಆರ್ಗನ್ ಬಂತು. ನನ್ನ ಮೊಬೈಲಿನಲ್ಲಿ ಅವನು ಕಳಿಸಿದ ಕೊನೆಯ ಧ್ವನಿಸಂದೇಶವಿದೆ. ಅದರಲ್ಲಿ ಅವನು ಒಂದು ಐರಿಷ್ ಮಟ್ಟನ್ನು ನುಡಿಸಿ, "ಇದು ಅರ್ಧ ಕಣೇ. ಇನ್ನರ್ಧ ಮನೆಗೆ ಬಂದಾಗ ಕೇಳಿಸ್ತೀನಿ, ಕಾಯ್ತಿರು," ಎನ್ನುತ್ತಾನೆ. ಅಷ್ಟೇ.

ಆ ಅರ್ಧವನ್ನು ನಾನು ಕಲಿಯುತ್ತಿದ್ದೇನೆ. ನಲವತ್ತು ದಾಟಿದವಳು, ಸಂಗೀತದ ಗಂಧವಿಲ್ಲದವಳು, ಯಾಕೆ ಎಂದು ಕೇಳಿದರೆ ಉತ್ತರ ಕೊಡಲಾರೆ. ಹುಡುಕಿದರೆ ಇದನ್ನು ಹೋಲುವ, ಕುಣಿತಕ್ಕೆ ನುಡಿಸುವ ಜಿಗ್‌ಗಳು ಹಲವು ಸಿಗುತ್ತವೆ. ಆದರೆ ಯಾವುದರ ಎರಡನೇ ಭಾಗವೂ ಅಣ್ಣ ನಿಲ್ಲಿಸಿದ ಜಾಗಕ್ಕೆ ಕೂಡಿಕೊಳ್ಳುವುದಿಲ್ಲ. ಅವನು ಅದನ್ನು ತನ್ನ ಬಾಯಿಗೆ ತಕ್ಕಂತೆ ತಿದ್ದಿಕೊಂಡಿರಬೇಕು. ನಿಮ್ಮ ಕಾಗದದಲ್ಲಿ ಒಂದು ಸಾಲಿತ್ತು: ನಾವಿಬ್ಬರೂ ಒಬ್ಬನ ಹತ್ತಿರವೇ ಬಾಯಿಬಾಜಾ ಕಲಿತವರು ಎಂದು. ಹಾಗಾದರೆ ಅವನ ಇನ್ನರ್ಧವನ್ನು ಕೇಳಿದವರು ಈಗ ನೀವೊಬ್ಬರೇ.

ಕಲಿಸುತ್ತೀರಾ? ಫೋನ್ ನಂಬರ್ ಕೊಟ್ಟರೆ ನಿಮಗೆ ಅನುಕೂಲವಾದ ಹೊತ್ತಿಗೆ ಕರೆ ಮಾಡುತ್ತೇನೆ. ನಾನು ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಸಂಜೆ ಬಿಡುವಿರುತ್ತದೆ. ನನ್ನ ಕನ್ನಡ ಶಾಲೆಯಲ್ಲಿ ಕಲಿತದ್ದಲ್ಲ, ಮನೆಯದು. ತಪ್ಪಿದ್ದರೆ ಮನ್ನಿಸಿ.

ಇತಿ,
ಸೆಕೆಂಡ್ ಎಂಜಿನಿಯರ್ ಅವರ ತಂಗಿ

೩ ಮಾರ್ಚ್

ಸೆಕೆಂಡ್ ತಂಗಿಗೆ ಆಶೀರ್ವಾದ.

ನಿಮ್ಮಣ್ಣನನ್ನು ಹಡಗಿನಲ್ಲಿ ಎಲ್ಲರೂ ಸೆಕೆಂಡ್ ಎಂದೇ ಕರೆಯುತ್ತಿದ್ದದ್ದು. ನನ್ನನ್ನು ಮಾಮ ಎನ್ನುತ್ತಿದ್ದರು, ಕ್ಯಾಪ್ಟನ್ ಕೂಡ. ಊಟ ಹಾಕುವವನ ಹತ್ತಿರ ಅಷ್ಟು ಸಲುಗೆ ಇದ್ದೇ ಇರುತ್ತದೆ. ನೀವೂ ಮಾಮ ಎನ್ನಿ, ಈ ಮಾನ್ಯರೇ ಗೀನ್ಯರೇ ಬೇಡ.

ಫೋನ್ ಬೇಡ. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಿಲ್ಲ, ಆಡಿದ ಮಾತು ಅರ್ಧ ಗೋಡೆಗೆ, ಅರ್ಧ ನಮಗೆ. ಬರೆಯಿರಿ. ಟಪಾಲಿನವನು ಹೆಸರು ಹಿಡಿದು ಕೂಗಿದರೆ ನನಗೂ ಮನೆಯಲ್ಲಿ ಒಂದು ತೂಕ.

ಒಂದು ಸಲ ನಮ್ಮ ಹಡಗಿಗೆ ಐರಿಷ್ ಮೇಟ್ ಒಬ್ಬ ಬಂದ. ಮೇಟ್ ಎಂದರೆ ಕ್ಯಾಪ್ಟನ್ ಕೆಳಗಿನ ಅಧಿಕಾರಿ. ಕೆಂಪು ಮುಖ, ಕಡಿಮೆ ಮಾತು. ಕೆಲಸ ಮುಗಿಸಿ ನನ್ನ ಅಡುಗೆಕೋಣೆಗೆ ಬಂದು, ಹಿಟ್ಟಿನ ಡಬ್ಬದ ಮೇಲೆ ಕೂತು ಮೌತ್ ಆರ್ಗನ್ ನುಡಿಸುತ್ತಿದ್ದ. ಕಾಗದವಿಲ್ಲ, ಪುಸ್ತಕವಿಲ್ಲ. ಒಂದು ತುಣುಕು ನುಡಿಸುತ್ತಾನೆ, ಅದನ್ನು ನಾವು ತಿರುಗಿ ನುಡಿಸಬೇಕು, ಸರಿಯಾಗುವ ತನಕ ಮುಂದಕ್ಕೆ ಹೋಗುವ ಹಾಗಿಲ್ಲ. ಅವರ ಕಡೆ ಹಾಗೇ ಅಂತೆ, ಕಿವಿಯಿಂದ ಕಿವಿಗೆ. ಈ ಜಿಗ್‌ಗೆ ಹೆಸರೇನು ಎಂದು ಕೇಳಿದೆವು. ಅವನ ಅಜ್ಜ ಒಂದು ಹೆಸರು ಹೇಳುತ್ತಿದ್ದನಂತೆ, ಅಜ್ಜಿ ಇನ್ನೊಂದು ಹೇಳುತ್ತಿದ್ದಳಂತೆ, ಮನೆಯಲ್ಲಿ ಜಗಳ ಬೇಡವೆಂದು ಇವನು ಎರಡನ್ನೂ ಮರೆತನಂತೆ. ಕಲಿತ ದಿನ ನಾನು ಮೂಟೆ ಈರುಳ್ಳಿ ಹೆಚ್ಚುತ್ತಿದ್ದೆ, ಮೂವರ ಕಣ್ಣಲ್ಲೂ ನೀರು. ಸೆಕೆಂಡ್ ಅದಕ್ಕೆ 'ಈರುಳ್ಳಿ' ಎಂದು ಹೆಸರಿಟ್ಟ. ಮುಂದೊಂದು ಬಂದರಿನಲ್ಲಿ ಮೇಟ್ ಇಳಿದುಹೋದ. ಈರುಳ್ಳಿ ನಮ್ಮಲ್ಲಿ ಉಳಿಯಿತು.

ಹಲ್ಲಿನ ಸೆಟ್ಟು ಹಾಕಿಸಿಕೊಂಡ ಮೇಲೆ ನಾನು ಬಾಜಾ ಬಿಟ್ಟೆ. ಊದಿದರೆ ಸೆಟ್ಟೂ ಜೊತೆಗೆ ನುಡಿಯುತ್ತದೆ. ಆದರೆ ಬರೆಯಬಲ್ಲೆ. ತೂತಿನ ಸಂಖ್ಯೆ, ಪಕ್ಕದಲ್ಲಿ 'ಊ' ಇದ್ದರೆ ಊದು, 'ಎ' ಇದ್ದರೆ ಎಳೆ. ಎರಡನೇ ಭಾಗಕ್ಕೆ ನಾಲ್ಕು ಸಾಲು. ಒಂದು ಸಾಲು ಕಳಿಸುತ್ತೇನೆ, ಅದು ಬಾಯಿಗೆ ಬಂದ ಮೇಲೆ ಮುಂದಿನದು. ಮೇಟ್ ಕಾನೂನು.

ಮೊದಲ ಸಾಲು ಈ ಕಾಗದದ ಹಿಂದಿದೆ. ಊದುವುದು ಎಂದರೆ ಮೇಣದಬತ್ತಿ ಆರಿಸಿದ ಹಾಗಲ್ಲ, ಕನ್ನಡಕ ಒರೆಸುವ ಮೊದಲು ಅದರ ಮೇಲೆ ಹಾ ಎನ್ನುತ್ತೀರಲ್ಲ, ಹಾಗೆ.

ಮಾಮ

೨೨ ಮಾರ್ಚ್

ಮಾಮ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದ ದಿನ ಅದನ್ನು ಗಟ್ಟಿಯಾಗಿ ಓದಿದೆ. ಮಗಳು ಹಿಟ್ಟಿನ ಡಬ್ಬದ ಮೇಲೆ ಕೂತ ಮೇಟನ ಚಿತ್ರ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಅಣ್ಣ ಸತ್ತ ಮೇಲೆ ಅವನ ಬಗ್ಗೆ ನಮ್ಮ ಮನೆಯಲ್ಲಿ ನಗು ಕೇಳಿಸಿದ್ದು ಅದೇ ಮೊದಲು.

ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಬಿಟ್ಟಿದ್ದೇನೆ. ಮೊನ್ನೆ ಮಗಳು ಬಾಗಿಲ ಸಂದಿಯಲ್ಲಿ ತಲೆ ಹಾಕಿ, "ಅಮ್ಮಾ, ಪಕ್ಕದ ಮನೆ ಆಂಟಿ ನಿಮ್ ಬೆಕ್ಕಿಗೆ ಹುಷಾರಿಲ್ವಾ ಅಂತ ಕೇಳಿದ್ರು. ನಮ್ಮನೇಲಿ ಬೆಕ್ಕೇ ಇಲ್ವಲ್ಲ, ಏನ್ ಹೇಳ್ಲಿ?" ಎಂದಳು. ನಮ್ಮ ಆಸ್ಪತ್ರೆಯಲ್ಲಿ ಸದ್ದು ಹೊರಗೆ ಹೋಗದ, ಒಳಗೆ ಬಾರದ ಒಂದು ಪುಟ್ಟ ಕೋಣೆಯಿದೆ. ದಪ್ಪ ಬಾಗಿಲು, ತೂತು ತೂತಾದ ಗೋಡೆ, ಒಂದೇ ಕುರ್ಚಿ. ಕೆಲಸ ಮುಗಿದ ಮೇಲೆ ಅಲ್ಲಿ ಕೂರುತ್ತೇನೆ. ಅಲ್ಲಿ ಮಾರ್ದನಿಯೇ ಇಲ್ಲ. ನುಡಿಸಿದ ಸ್ವರ ತುಟಿಯಿಂದ ಬಿದ್ದಲ್ಲೇ ಸಾಯುತ್ತದೆ. ಹೊಸಬರಿಗೆ ಆ ಕೋಣೆ ಹಿಡಿಸುವುದಿಲ್ಲ, ತಮ್ಮ ಎದೆ ಬಡಿತ ಕೇಳಿಸುತ್ತದೆ ಎನ್ನುತ್ತಾರೆ. ನನಗೆ ರೂಢಿಯಾಗಿದೆ.

ಒಂದು ವಿಷಯ ಹೇಳಲೋ ಬೇಡವೋ ಎಂದು ಯೋಚಿಸಿದೆ. ಈ ವಾದ್ಯದಲ್ಲಿ ಊದುವಷ್ಟೇ ಎಳೆಯಬೇಕು. ಎಳೆದಾಗ ಅದರ ಒಳಗಿನ ಗಾಳಿ ನನ್ನೊಳಗೆ ಬರುತ್ತದೆ. ಎಂಜಿನ್ ಎಣ್ಣೆಯ, ತುಕ್ಕಿನ ವಾಸನೆ. ಅದು ಅಣ್ಣನ ಉಸಿರಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಮೊದಲ ದಿನ ಅದನ್ನು ಒರೆಸದೆ ಬಾಯಿಗಿಟ್ಟೆ.

ಮೊದಲ ಸಾಲು ಬಂದಿದೆ. ಉಳಿದ ಮೂರನ್ನೂ ಒಟ್ಟಿಗೆ ಕಳಿಸಬಾರದೇ? ನಿಧಾನವಾಗಿಯೇ ಕಲಿಯುತ್ತೇನೆ, ಆಣೆ.

ನಿಮ್ಮ,
ಸೆಕೆಂಡ್ ತಂಗಿ

೧೦ ಏಪ್ರಿಲ್

ನರ್ಸಮ್ಮನಿಗೆ,

ಆಸ್ಪತ್ರೆ ಎಂದ ಮೇಲೆ ನರ್ಸೇ ಇರಬೇಕು ಎಂದು ನಾನೇ ತೀರ್ಮಾನಿಸಿದ್ದೇನೆ. ಮಾಮ ಎಂದು ಕರೆದ ಮೇಲೆ ನೀನು ಎನ್ನುತ್ತೇನೆ, ಬೇಜಾರಿಲ್ಲ ತಾನೆ?

ಮೂರನ್ನೂ ಒಟ್ಟಿಗೆ ಕೊಟ್ಟರೆ ಆಮೇಲೆ ಈ ಮುದುಕನಿಗೆ ಯಾರು ಬರೆಯುತ್ತಾರೆ? ಅದೊಂದು ಕಾರಣ. ಇನ್ನೊಂದು, ಮೂರೂ ನನ್ನ ಹತ್ತಿರ ಇಲ್ಲ. ಸೆಕೆಂಡ್ ಕೊಟ್ಟಷ್ಟು ನಾನು ಕೊಡುತ್ತೇನೆ. ನಿನ್ನೆ ಬೆಳಿಗ್ಗೆ ಹಲ್ಲಿನ ಸೆಟ್ಟು ತೊಳೆಯುತ್ತಿದ್ದೆ, ಎರಡನೇ ಸಾಲನ್ನೇ ತಿರುಗಿಸಿ ಮುರುಗಿಸಿ ನುಡಿಸಿದ. ಒದ್ದೆ ಕೈಯಲ್ಲೇ ಬರೆದುಕೊಂಡೆ. ಇಗೋ ಹಿಂದಿನ ಪುಟದಲ್ಲಿದೆ. ಎಳೆತ ಜಾಸ್ತಿ, ನೋಡಿಕೋ.

ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು. ಮಗ ಬೆಳಿಗ್ಗೆ ಹೋದವನು ಸಂಜೆಗೆ. ನಿವೃತ್ತನಾದರೂ ಅಡುಗೆ ನನ್ನದೇ, ಸೊಸೆ ಒಲೆ ಹತ್ತಿರ ಬಂದರೆ ಸೌಟಿನಲ್ಲಿ ಗದರುತ್ತೇನೆ. ಮೊಮ್ಮಗಳಿಗೆ ಈಗಷ್ಟೇ ಮಾತು ಬರುತ್ತಿದೆ. ಏನೋ ಹೇಳುತ್ತದೆ, ಸೊಸೆ ಬಿದ್ದು ಬಿದ್ದು ನಗುತ್ತಾಳೆ, ನಾನೂ ನಗುತ್ತೇನೆ.

ಅಭ್ಯಾಸ ಹೇಗಾಗಿದೆ ಎಂದು ಕೇಳಿಸಬೇಕು ಎನ್ನಿಸಿದರೆ ಸೊಸೆಯ ಫೋನಿಗೆ ಕಳಿಸು. ನಂಬರ್ ಕೆಳಗೆ ಬರೆದಿದ್ದೇನೆ. ಕರೆ ಮಾಡಬೇಡ.

ಮಾಮ

೨೮ ಏಪ್ರಿಲ್

ಮಾಮ,

ಬೇಜಾರೇನಿಲ್ಲ. ನೀನು ಎಂದದ್ದು ಹಿತವಾಯಿತು.

ಹಲ್ಲು ತೊಳೆಯುವಾಗ ಅಣ್ಣ ಬಂದು ನುಡಿಸಿದ ಎಂದು ಬರೆದಿರಲ್ಲ, ಆ ಮಾತನ್ನು ಮತ್ತೆ ಮತ್ತೆ ಓದಿದೆ. ನನಗೂ ಹಾಗೆಯೇ, ಅವನ ನೆನಪು ಬರುವುದು ಬಟ್ಟೆ ಮಡಿಸುವಾಗ, ಬಸ್ಸಿಗೆ ಕಾಯುವಾಗ. ಆದರೆ ಇಷ್ಟು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಎರಡನೇ ಸಾಲಿನಲ್ಲಿ ಸಿಕ್ಕಿಬಿದ್ದಿದ್ದೇನೆ. ಎಲ್ಲವೂ ಎಳೆತ, ಊದಲು ಒಂದು ಸ್ವರವೂ ಇಲ್ಲ. ಮಧ್ಯಕ್ಕೆ ಬರುವಷ್ಟರಲ್ಲಿ ಎದೆ ತುಂಬಿ, ಇನ್ನೊಂದು ಚೂರು ಗಾಳಿಗೂ ಜಾಗವಿಲ್ಲ. ಎದೆ ಖಾಲಿಯಾದರೆ ಉಸಿರು ಕಟ್ಟುತ್ತದೆ ಎಂದು ತಿಳಿದಿದ್ದೆ, ತುಂಬಿದರೂ ಕಟ್ಟುತ್ತದೆ ಎಂದು ತಿಳಿದಿರಲಿಲ್ಲ. ಆ ಮುಚ್ಚಿದ ಕೋಣೆಯಲ್ಲಿ ಒಮ್ಮೆ ಅಣ್ಣ ಇಳಿದ ತೊಟ್ಟಿಯ ನೆನಪಾಯಿತು. ಬಾಗಿಲು ತೆಗೆದು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಆಯಾ ನೀರು ತಂದುಕೊಟ್ಟಳು. ಅಣ್ಣ ಇದನ್ನು ಹೇಗೆ ದಾಟುತ್ತಿದ್ದ?

ಸೊಸೆಯವರ ಫೋನಿಗೆ ಈ ದಿನ ಎರಡು ರೆಕಾರ್ಡಿಂಗ್ ಕಳಿಸಿದ್ದೇನೆ. ಒಂದು ನನ್ನದು: ಮೊದಲ ಭಾಗ, ಮತ್ತು ನೀವು ಕಲಿಸಿದ ಎರಡು ಸಾಲು. ಇನ್ನೊಂದು ಅಣ್ಣನ ಸಂದೇಶ. ಅದನ್ನು ಯಾರಿಗೂ ಕಳಿಸಿರಲಿಲ್ಲ.

ಸೆಕೆಂಡ್ ತಂಗಿ

೧೪ ಮೇ

ಮಗಳೇ,

ಮೂಗಿನಿಂದ ಬಿಡು. ಬಾಯಿ ಎಳೆಯುತ್ತಲೇ ಇರಲಿ, ಸ್ವರದಿಂದ ಸ್ವರಕ್ಕೆ ಹೋಗುವ ಸಂದಿನಲ್ಲಿ ಮೂಗು ಚೂರು ಚೂರು ಹೊರಗೆ ಹಾಕಲಿ. ಅದೂ ಆಗದಿದ್ದರೆ ಒಂದು ಸ್ವರವನ್ನು ಬಿಟ್ಟೇಬಿಡು. ಮೇಟ್ ಹೇಳುತ್ತಿದ್ದ, ಎಲ್ಲರೂ ಎಲ್ಲೋ ಒಂದು ಕಡೆ ಸ್ವರ ಬಿಡಲೇಬೇಕು, ಬದುಕಿದವನು ಉಸಿರಾಡಬೇಕಲ್ಲ. ಎಲ್ಲಿ ಬಿಡುತ್ತಾನೆ ಎನ್ನುವುದನ್ನು ಕೇಳಿಯೇ, ಕತ್ತಲಲ್ಲೂ ನುಡಿಸುತ್ತಿರುವವನು ಯಾರೆಂದು ಹೇಳಬಹುದಂತೆ.

ನಿನ್ನ ರೆಕಾರ್ಡಿಂಗ್ ಕೇಳಿದೆ. ಸೊಸೆಯ ಫೋನು ಇಸಿದುಕೊಂಡು, ಬಾಗಿಲು ಹಾಕಿ, ಕಿವಿಗೆ ಒತ್ತಿಕೊಂಡು ಕೂತೆ. ಏನು ಹೇಳಲಿ. ಮೊದಲ ಭಾಗ ಬೆಣ್ಣೆ. ಎರಡನೇ ಸಾಲಿಗೆ ಸ್ವಲ್ಪ ಅವಸರ ಮಾಡುತ್ತೀಯ, ಪರವಾಗಿಲ್ಲ. ನನ್ನ ಮೈ ಜುಂ ಎಂದದ್ದು ಕೊನೆಯಲ್ಲಿ. ಅಲ್ಲಿ ಒಂದು ಸ್ವರ ಬಿಟ್ಟೆಯಲ್ಲ, ಸೆಕೆಂಡ್ ಬಿಡುತ್ತಿದ್ದದ್ದೂ ಅಲ್ಲೇ. ನಾನು ಹೇಳಿಕೊಟ್ಟಿಲ್ಲ. ಯಾರು ಹೇಳಿಕೊಟ್ಟರು ನಿನಗೆ?

ಮೂರನೇ ಸಾಲು ಹಿಂದಿದೆ.

ಮಾಮ

೨೩ ಮೇ

ಮಾಮ,

ಮೂರನೇ ಸಾಲು ತಲುಪಿತು. ರೆಕಾರ್ಡಿಂಗ್ ಬಗ್ಗೆ ಬರೆದದ್ದಕ್ಕೆ ಧನ್ಯವಾದ.

ನಾಲ್ಕನೆಯದನ್ನು ಆದಷ್ಟು ಬೇಗ ಕಳಿಸಿ. ಮೂರನೆಯದು ಬಾಯಿಗೆ ಬರಲಿ ಎಂದು ಕಾಯಬೇಡಿ. ಮೇಟ್ ಕಾನೂನನ್ನು ಈ ಒಂದು ಸಲ ಬದಿಗಿಡಿ.

ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ. ಅಣ್ಣ ಬಂದು ನುಡಿಸುವುದು ನಿಮಗೆ ಒಂದು ಕಿವಿಯಲ್ಲಿ ಕೇಳಿಸುತ್ತದೆಯೋ, ಎರಡರಲ್ಲೂ? ಮನೆಯಲ್ಲಿ ಗದ್ದಲ ಇದ್ದಾಗಲೋ, ಇಲ್ಲದಾಗಲೋ?

ಸೆಕೆಂಡ್ ತಂಗಿ

೫ ಜೂನ್

ಮಗಳೇ,

ಇಷ್ಟು ಪುಟ್ಟ ಕಾಗದ ನಿನ್ನಿಂದ ಬಂದದ್ದು ಇದೇ ಮೊದಲು. ಕೆಲಸ ಜಾಸ್ತಿಯೋ ಏನೋ.

ನೀನು ಕೇಳಿದ್ದು ಒಳ್ಳೆಯದಾಯಿತು. ಇದನ್ನು ಯಾರೂ ಕೇಳಿಲ್ಲ, ಯಾರಿಗೂ ಹೇಳಿಲ್ಲ, ಹೇಳಿದರೆ ಮುದುಕನಿಗೆ ತಲೆ ಕೆಟ್ಟಿತು ಎನ್ನುತ್ತಾರೆ. ಎರಡೂ ಕಿವಿಯಲ್ಲಿ. ಕಿವಿಯಲ್ಲಿ ಎನ್ನುವುದಕ್ಕಿಂತ ಎರಡರ ನಡುವೆ. ಗದ್ದಲ ಎಲ್ಲಿದೆ ಈ ಮನೆಯಲ್ಲಿ? ಎಲ್ಲರೂ ಮೆತ್ತಗೆ ಮಾತಾಡುವವರಾಗಿದ್ದಾರೆ. ಪಾತ್ರೆ ಕೂಡ ಮೆತ್ತಗೆ ಬೀಳುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅವನು ಶುರುಮಾಡುತ್ತಾನೆ. ಎಂಜಿನ್ ಕೋಣೆಯಿಂದ ಏಣಿ ಹತ್ತಿ ಬರುತ್ತ ನುಡಿಸುತ್ತಿದ್ದನಲ್ಲ, ಹಾಗೇ ದೂರದಿಂದ ಹತ್ತಿರಕ್ಕೆ. ಮೊದಮೊದಲು ಹೆದರಿದ್ದೆ. ಈಗ ಬಾರದಿದ್ದರೆ ಹೆದರುತ್ತೇನೆ.

ಆದರೆ ನಾಲ್ಕನೇ ಸಾಲಿಗೆ ಬಂದಾಗ ಹೊರಟುಬಿಡುತ್ತಾನೆ. ಏಣಿ ಇಳಿದ ಹಾಗೆ. ಪೆನ್ಸಿಲ್ ಹಿಡಿದು ಕಾಯುತ್ತಿದ್ದೇನೆ. ನಿನಗಾಗಿ ಕೇಳುತ್ತಿದ್ದೇನೆ ಎಂದು ಅವನಿಗೂ ಹೇಳಿದ್ದೇನೆ.

ಮಾಮ

೨೦ ಜೂನ್

ಮಾಮ,

ಈ ಕಾಗದವನ್ನು ಬರೆದು ಹರಿದೆ, ಮತ್ತೆ ಬರೆದೆ.

ನಾನು ನರ್ಸ್ ಅಲ್ಲ. ಆಡಿಯಾಲಜಿಸ್ಟ್. ಜನರ ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷೆ ಮಾಡಿ, ಬೇಕಾದವರಿಗೆ ಶ್ರವಣಯಂತ್ರ ಕೂರಿಸುವವಳು. ನಾನು ಅಭ್ಯಾಸ ಮಾಡುವ ಆ ಕೋಣೆ ಪರೀಕ್ಷೆಯ ಕೋಣೆ. ಬಂದವರನ್ನು ಅಲ್ಲಿ ಕುರ್ಚಿಯ ಮೇಲೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಡುತ್ತೇವೆ. ಸದ್ದು ಕೇಳಿಸಿದರೆ ಒತ್ತಬೇಕು. ಒತ್ತಿದರೆ ಗಾಜಿನಾಚೆ ನನ್ನ ಯಂತ್ರದ ಮೇಲೆ ದೀಪ ಹೊತ್ತುತ್ತದೆ. ನಡುನಡುವೆ ಯಾವ ಸದ್ದನ್ನೂ ಕೊಡದೆ ಸುಮ್ಮನಿರುತ್ತೇನೆ. ಆಗಲೂ ಒತ್ತುವವರಿದ್ದಾರೆ. ಸುಳ್ಳು ಹೇಳುವವರಲ್ಲ, ಅವರಿಗೆ ನಿಜವಾಗಿಯೂ ಕೇಳಿಸಿರುತ್ತದೆ. ಕೆಲಸ ಏನೆಂದು ಹೇಳಿದರೆ ಜನ ನನ್ನ ಮುಂದೆ ಎಲ್ಲವೂ ಕೇಳಿಸುತ್ತದೆ ಎಂದು ತೋರಿಸಿಕೊಳ್ಳಲು ಶುರುಮಾಡುತ್ತಾರೆ. ಅದಕ್ಕೇ ನೀವು ನರ್ಸಮ್ಮ ಎಂದಾಗ ತಿದ್ದಲಿಲ್ಲ.

ಏಪ್ರಿಲ್‌ನಲ್ಲಿ ನನ್ನದು ಎಂದು ಕಳಿಸಿದ್ದು ನನ್ನ ನುಡಿಸಾಣಿಕೆಯಲ್ಲ. ಹೊರಗಿನ ಸದ್ದು ಒಳಗೆ ಸೋರುತ್ತಿಲ್ಲ ಎಂದು ನೋಡಲು ಆ ಕೋಣೆಯನ್ನು ಆಗಾಗ ಖಾಲಿಯಾಗಿ ರೆಕಾರ್ಡ್ ಮಾಡುತ್ತೇವೆ. ತಪ್ಪಿ ಅದನ್ನು ಕಳಿಸಿದ್ದೆ. ನಿಮ್ಮ ಕಾಗದ ಬಂದ ಮೇಲೆ ತೆಗೆದು ನೋಡಿದೆ. ಅದರಲ್ಲಿ ಏನೂ ಇಲ್ಲ, ಮಾಮ. ಮೊದಲಿನಿಂದ ಕೊನೆಯವರೆಗೆ ಬರೀ ಮೌನ. ಅದರಲ್ಲಿ ನೀವು ಅಣ್ಣ ಬಿಡುತ್ತಿದ್ದ ಸ್ವರವನ್ನು ಕೇಳಿದಿರಿ.

ನಾನೂ ಅದನ್ನು ಹೆಡ್‌ಫೋನ್ ಹಾಕಿಕೊಂಡು, ಪೂರ್ತಿ ದನಿ ಏರಿಸಿ, ಕೇಳಿದೆ. ಒಂದು ಸಲವಲ್ಲ. ಭಯವಾಗಿತ್ತು, ಆಸೆಯೂ ಆಗಿತ್ತು.

ಆಮೇಲೆ ನಾಚಿಕೆಯಾಯಿತು. ಫೋನ್ ಬೇಡ ಎಂದಿರಿ. ಪಾತ್ರೆ ಮೆತ್ತಗೆ ಬೀಳುತ್ತದೆ ಎಂದಿರಿ. ಸೊಸೆ ನಕ್ಕಾಗ ನಗುತ್ತೇನೆ ಎಂದಿರಿ. ಬೇರೆ ಯಾರಾದರೂ ನನ್ನೆದುರು ಕೂತು ಇಷ್ಟು ಹೇಳಿದ್ದರೆ ಮೊದಲ ಮಾತಿಗೇ ತಿಳಿಯುತ್ತಿತ್ತು. ನಿಮ್ಮ ಹತ್ತಿರ ನನಗೆ ಬೇಕಾಗಿದ್ದದ್ದು ಅಣ್ಣ, ನಿಮ್ಮನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಕಿವಿ ಮಂದವಾಗಿ ಹೊರಗಿನ ಸದ್ದು ಬರುವುದು ನಿಂತಾಗ, ಕೆಲವರ ಮೆದುಳು ತನ್ನಲ್ಲಿರುವುದನ್ನು ತಾನೇ ನುಡಿಸತೊಡಗುತ್ತದೆ. ಹುಚ್ಚಲ್ಲ, ಕಾಯಿಲೆಯೂ ಅಲ್ಲ. ಯಂತ್ರ ಹಾಕಿಕೊಂಡು ಮನೆಯ ಸದ್ದು ಮರಳಿ ಬಂದರೆ ಬಹಳ ಜನರಲ್ಲಿ ಆ ಸಂಗೀತ ಕಡಿಮೆಯಾಗುತ್ತದೆ, ನಿಂತೂ ಹೋಗಬಹುದು. ಇದು ಮೇ ತಿಂಗಳಲ್ಲೇ ನನಗೆ ಹೊಳೆದಿತ್ತು. ನಾಲ್ಕನೇ ಸಾಲು ಬರಲಿ, ಆಮೇಲೆ ಹೇಳೋಣ ಎಂದುಕೊಂಡು ಆ ಪುಟ್ಟ ಕಾಗದ ಬರೆದೆ. ಮೊಮ್ಮಗಳ ಮಾತು ನಿಮಗೆ ಕೇಳಿಸುತ್ತಿಲ್ಲ ಎಂದು ತಿಳಿದೇ ಬರೆದೆ.

ಹತ್ತಿರದ ಯಾವುದಾದರೂ ಆಸ್ಪತ್ರೆಯ ಕಿವಿ ವಿಭಾಗಕ್ಕೆ ಹೋಗಿ ಪರೀಕ್ಷೆ ಮಾಡಿಸಿ. ಹೋಗುವುದಿಲ್ಲ ಎಂದರೆ ನಾನು ಬೇಸರಪಡುವುದಿಲ್ಲ. ಬೇಸರಪಡುವ ಅಧಿಕಾರ ನನಗಿಲ್ಲ. ನಾಲ್ಕನೇ ಸಾಲಿಗಾಗಿ ಮಾತ್ರ ಕಾಯಬೇಡಿ.

ಸೆಕೆಂಡ್ ತಂಗಿ

೩೦ ಜುಲೈ

ಮಾಮ,

ಹೋದ ಕಾಗದ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಸೊಸೆಯವರ ಫೋನಿಗೆ ಕೇಳಬಹುದಿತ್ತು. ಕರೆ ಮಾಡಬೇಡ ಎಂದಿದ್ದಿರಿ.

ಮೂರು ಸಾಲು ನುಡಿಸಿ ನಿಲ್ಲಿಸುತ್ತೇನೆ. ನಿಲ್ಲಿಸಿದ ಮೇಲೆ ಆ ಕೋಣೆಯಲ್ಲಿ ಕೂರುವುದು ಈಗ ಕಷ್ಟ. ಯಾರೋ ಮುಂದಿನದಕ್ಕೆ ಉಸಿರು ಎಳೆದುಕೊಂಡು ಕಾಯುತ್ತಿರುವ ಹಾಗೆ.

ಚೆನ್ನಾಗಿದ್ದೀರಿ ಎಂದು ಒಂದು ಸಾಲು ಬರೆದರೆ ಸಾಕು.

ಸೆಕೆಂಡ್ ತಂಗಿ

೨ ಸೆಪ್ಟೆಂಬರ್

ಮಗಳೇ,

ಬದುಕಿದ್ದೇನೆ. ನಿನ್ನ ಮೇಲೆ ಸಿಟ್ಟಿತ್ತು, ಅದಕ್ಕೆ ಬರೆಯಲಿಲ್ಲ. ಕಿವುಡ ಎಂದದ್ದಕ್ಕಲ್ಲ, ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಾದರೆ ನೀನು ಬರೆಯುವುದನ್ನು ಬಿಡುತ್ತೀಯ ಎಂದು ಮುಚ್ಚಿಟ್ಟಿದ್ದೆ. ಕಿವಿ ಕೇಳದವನ ಹತ್ತಿರ ಯಾರು ಸಂಗೀತ ಕಲಿಯುತ್ತಾರೆ? ಸಿಟ್ಟು ಬಂದದ್ದು ಸೆಕೆಂಡ್ ಇಲ್ಲ ಎಂದದ್ದಕ್ಕೆ. ದಿನವೂ ಬರುವವನನ್ನು ಮೆದುಳು ಎಂದುಬಿಟ್ಟೆಯಲ್ಲ.

ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಪೆನ್ಸಿಲ್ ಹಿಡಿದು ಕೂರುತ್ತಿದ್ದೆ. ಅವನು ಮೂರು ಸಾಲು ನುಡಿಸುವುದು, ಹೋಗುವುದು.

ಒಂದು ದಿನ ಒಲೆಯಿಂದ ಕುದಿಯುವ ನೀರಿನ ಪಾತ್ರೆ ಇಳಿಸಿ ತಿರುಗಿದೆ. ಮೊಮ್ಮಗಳು ನನ್ನ ಕಾಲ ಹತ್ತಿರವೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ. ಪಾತ್ರೆ ನನ್ನ ಕಡೆಗೆ ವಾಲಿತು, ಅವಳ ಕಡೆಗೆ ವಾಲಲಿಲ್ಲ. ನನ್ನ ಪಾದಕ್ಕೆ ಸ್ವಲ್ಪ ಬಿತ್ತು, ಅಷ್ಟೇ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೂ ನನಗೆಲ್ಲಿ ಕೇಳಿಸುತ್ತಿತ್ತು?

ಮರುದಿನವೇ ಹೋದೆ. ನೀನು ಬರೆದ ಹಾಗೇ ಕೋಣೆ, ಕುರ್ಚಿ, ಗುಂಡಿ. ಕಿವಿಗೆ ಮಿಷನ್ ಹಾಕಿ ಕಳಿಸಿದರು. ಅಬ್ಬಾ, ಏನು ಗಲಾಟೆ ಮಗಳೇ ಈ ಲೋಕದಲ್ಲಿ. ನಲ್ಲಿ ಸದ್ದು, ಚಪ್ಪಲಿ ಸದ್ದು, ನಾನು ಅಗಿಯುವುದು ನನಗೇ ಕಲ್ಲು ಕುಟ್ಟಿದ ಹಾಗೆ. ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತಿದ್ದೆ. ಹಿಂದಿನಿಂದ ಪುಟ್ಟ ದನಿಯಲ್ಲಿ ಯಾರೋ ಸೊಸೆಗೆ ಹೇಳಿದರು, "ತಾತಂಗೆ ಕೇಳ್ಸಲ್ಲ." ಮೊಮ್ಮಗಳು ಕಲಿತ ಮೊದಲ ಪೂರ್ತಿ ಮಾತು ಅದೇ ಅಂತೆ. ತಿಂಗಳುಗಟ್ಟಲೆ ಹೇಳುತ್ತಿದ್ದಾಳಂತೆ, ಸೊಸೆ ನಗುತ್ತಿದ್ದದ್ದು ಅದಕ್ಕೇ, ನಾನೂ ಸೇರಿಕೊಂಡು ನಗುತ್ತಿದ್ದೆ. ತಿರುಗಿ, "ಕೇಳ್ಸುತ್ತೆ ಪುಟ್ಟಿ," ಎಂದೆ. ಹೆದರಿ ಓಡಿಹೋದಳು.

ಸೆಕೆಂಡ್ ಒಂದೆರಡು ದಿನ ದೂರದಲ್ಲಿದ್ದ, ಗೋಡೆಯಾಚೆ ನುಡಿಸಿದ ಹಾಗೆ. ಆಮೇಲೆ ಇಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಮಿಷನ್ ತೆಗೆದಿಟ್ಟು ಕೂತೆ. ಬರಲಿಲ್ಲ. ನಾಲ್ಕನೇ ಸಾಲು ಹೋಯಿತು, ನಿನಗೆ ಏನೆಂದು ಬರೆಯಲಿ ಎಂದು ಸುಮ್ಮನಿದ್ದೆ.

ಮೊನ್ನೆ ನೆನಪಾಯಿತು. ನೀನು ಎರಡು ಕಳಿಸಿದ್ದೆ. ಎರಡನೆಯದು ಅವನ ಸಂದೇಶ. ಅದನ್ನು ನಾನು ಕೇಳಿಯೇ ಇರಲಿಲ್ಲ. ಸೊಸೆಗೆ ಹಾಕು ಎಂದೆ. ಹಾಕಿದಳು. ಸೆಕೆಂಡ್. ನನ್ನ ತಲೆಯೊಳಗಿನವನಿಗಿಂತ ಸಣ್ಣ ದನಿ, ಸ್ವಲ್ಪ ಕೆಮ್ಮು, ಹಿಂದೆ ನನ್ನದೇ ಅಡುಗೆಕೋಣೆಯ ಫ್ಯಾನು.

ಈಗ ಕೇಳು. ನಾಲ್ಕನೇ ಸಾಲು ನಿನ್ನ ಹತ್ತಿರವೇ ಇದೆ. ಅವನು ನುಡಿಸಿದ್ದನ್ನು ಕೇಳುತ್ತಿದ್ದ ಹಾಗೆ ಮೇಟ್ ಹೇಳಿದ್ದು ನೆನಪಾಯಿತು. ಎರಡನೇ ಭಾಗ ಎಲ್ಲೆಲ್ಲೋ ಸುತ್ತಿ, ಕೊನೆಯ ಸಾಲಿಗೆ ಮೊದಲ ಭಾಗದ ಕೊನೆಯ ಸಾಲನ್ನೇ ಹಿಡಿದು ಮನೆಗೆ ಬರುತ್ತದೆ, ಹೊರಟ ಬಾಗಿಲಿಂದಲೇ. ಬೇರೆ ಸಾಲೇ ಇಲ್ಲ. ಹೊಸದಿಲ್ಲ ಎಂದೇ ಅವನು ಅದನ್ನು ಕೊಡದೆ ಹೋಗುತ್ತಿದ್ದನೋ ಏನೋ. ಮೆದುಳು ಎನ್ನುತ್ತೀಯ, ಎನ್ನು.

ಇನ್ನೊಂದು. ಆ ಸಾಲಿನ ಕೊನೆ ಹೀಗಿದೆ:

೪ಎ  ೩ಎ  —  ೨ಎ

ಗೆರೆ ಎಳೆದಲ್ಲಿ ಸ್ವರವಿಲ್ಲ. ಅಲ್ಲಿ ಅವನು ಉಸಿರು ಬಿಡುತ್ತಾನೆ. ಮಿಷನ್ನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಕಲಿಯುವಾಗ ನಾನೂ ಮಾಡಿದ ತಪ್ಪು, ಅದಕ್ಕೇ ಬಲ್ಲೆ, ನೀನು ಅಲ್ಲಿ ಇನ್ನೊಂದು ನಾಲ್ಕನೇ ತೂತು ಎಳೆಯುತ್ತಿದ್ದೀಯ. ಎಳೆಯಬೇಡ.

ಮಾಮ

೧೧ ಸೆಪ್ಟೆಂಬರ್

ಮಾಮ,

ನಿಮ್ಮ ಕಾಗದವನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ, ಕೆಲಸ ಮುಗಿಯುವ ತನಕ ಚೀಲದಲ್ಲೇ ಇಟ್ಟು, ಆಮೇಲೆ ಓದಿದೆ. ಪಾದಕ್ಕೆ ಔಷಧಿ ಹಚ್ಚುತ್ತಿದ್ದೀರಿ ತಾನೆ? ಪುಟ್ಟಿ ಹತ್ತಿರ ಬರುತ್ತಿದ್ದಾಳೆಯೇ?

ನೀವು ಹೇಳಿದ್ದನ್ನು ನಾನು ನಂಬಲಿಲ್ಲ. ಆ ಸಂದೇಶವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ಜಾಗದಲ್ಲಿ ಒಂದು ಸ್ವರವಿತ್ತು. ಅದನ್ನು ಕೇಳಿಯೇ ನಾನು ನಾಲ್ಕನೇ ತೂತು ಎಂದು ಕಂಡುಹಿಡಿದದ್ದು. ಕಂಪ್ಯೂಟರಿಗೆ ಹಾಕಿ, ಸದ್ದಿನ ಗೆರೆಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ನಾಲ್ಕು, ಮೂರು, ಆಮೇಲೆ ಮಟ್ಟಸ. ಮಟ್ಟಸದ ನಡುವೆ ಸಣ್ಣದೊಂದು ಉಬ್ಬು, ಉಸಿರಿನದು. ಆಮೇಲೆ ಎರಡು.

ದಿನವಿಡೀ ಬೇರೆಯವರ ಕಿವಿ ಅಳೆಯುವವಳು ನಾನು. ಇಲ್ಲದ ಸದ್ದಿಗೆ ಗುಂಡಿ ಒತ್ತಿದವರ ಹಾಳೆಯ ಮೇಲೆ 'ತಪ್ಪು ಉತ್ತರ' ಎಂದು ಗುರುತು ಹಾಕುವವಳು. ಅವನು ಉಸಿರಾಡಲು ಬಿಟ್ಟುಕೊಂಡಿದ್ದ ಅಷ್ಟು ಜಾಗವನ್ನೂ ನಾನು ತುಂಬಿಬಿಟ್ಟಿದ್ದೆ.

ಈ ದಿನ ಈರುಳ್ಳಿಯನ್ನು ಪೂರ್ತಿ ನುಡಿಸಿದೆ. ಎರಡೂ ಭಾಗದ ಕೊನೆಯಲ್ಲಿ ನೀವು ಗೆರೆ ಎಳೆದಲ್ಲಿ ಬಾಯಿ ತೆಗೆದು ಉಸಿರು ಬಿಟ್ಟೆ. ಎದೆ ಹಗುರಾಯಿತು. ಇಷ್ಟು ತಿಂಗಳು ನನ್ನನ್ನು ಉಸಿರುಗಟ್ಟಿಸಿದ ಮಟ್ಟಿನಲ್ಲಿ ಅವನು ಬಾಗಿಲೊಂದನ್ನು ತೆರೆದೇ ಇಟ್ಟಿದ್ದ. ರೆಕಾರ್ಡಿಂಗನ್ನು ಸೊಸೆಯವರ ಫೋನಿಗೆ ಕಳಿಸಿದ್ದೇನೆ. ಈ ಸಲ ಸರಿಯಾದದ್ದನ್ನೇ, ಎರಡು ಸಲ ನೋಡಿ ಕಳಿಸಿದೆ. ತಪ್ಪಿದ್ದರೆ ಹೇಳಿ. ಈಗ ನಿಮಗೆ ನೆಪವಿಲ್ಲ.

ಕಳಿಸುವ ಮೊದಲು ಒಂದು ಕೆಲಸ ಮಾಡಿದೆ. ಬೇರೆ ಯಾರಿಗೂ ಹೇಳುವಂಥದ್ದಲ್ಲ. ಹೊರಗೆ ಯಂತ್ರದ ಹತ್ತಿರ ರೆಕಾರ್ಡಿಂಗ್ ಹಚ್ಚಿಟ್ಟು, ಒಳಗೆ ಬಂದು ದಪ್ಪ ಬಾಗಿಲು ಹಾಕಿ, ಬಂದವರು ಕೂರುವ ಕುರ್ಚಿಯಲ್ಲಿ ಕೂತೆ. ಹೆಡ್‌ಫೋನ್ ಹಾಕಿಕೊಂಡೆ. ಗೆರೆಯ ಜಾಗದಲ್ಲಿ ಸ್ವರ ಕೇಳಿಸಿದರೆ ಒತ್ತಲು ಗುಂಡಿಯನ್ನು ಕೈಗೆ ತೆಗೆದುಕೊಂಡೆ. ಮೊದಲ ಭಾಗ ಮುಗಿಯಿತು, ಕೊನೆಯಲ್ಲಿ ನನ್ನ ಉಸಿರು ಕೇಳಿಸಿತು, ಅಷ್ಟೇ. ಎರಡನೇ ಭಾಗ ಹೊರಟಿತು. ಎಳೆತದ ಸಾಲು ದಾಟಿತು. ಕೊನೆಯ ಸಾಲಿಗೆ ಬಂತು. ನಾಲ್ಕು. ಮೂರು.

ತಲೆಯೆತ್ತಿ ನೋಡಿದರೆ ಗಾಜಿನಾಚೆ ಯಾರೂ ಇಲ್ಲದ ಮೇಜಿನ ಮೇಲೆ ದೀಪ ಹೊತ್ತಿತ್ತು. ನನ್ನ ಹೆಬ್ಬೆರಳು ಗುಂಡಿಯನ್ನು ಒತ್ತಿ ಹಿಡಿದಿತ್ತು.

ನಿಮ್ಮ,
ಸೆಕೆಂಡ್ ತಂಗಿ